ಹುಲ್ಲಿನ ಕಟ್ಟುಗಳಿಂದ ಮನೆ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಗೆ ಒಪ್ಪೀತೇ?

ವಿಮೋಚನಾಕಾಂಡದ ಐದನೆಯ ಅಧ್ಯಾಯವನ್ನು ಓದಿದವರಿಗೆ ಒಂದು ಸಂಗತಿ ನೆನಪಿರಬಹುದು. ಈಜಿಪ್ಟಿನಲ್ಲಿ ದಾಸ್ಯದಲ್ಲಿದ್ದ ಇಸ್ರಯೇಲರು ಇಟ್ಟಿಗೆ ಮಾಡುತ್ತಿದ್ದರು. ಅವರ ಮೇಲೆ ಸಿಟ್ಟಾದ ಫರೋಹನು, ಇನ್ನು ಇವರಿಗೆ ಹುಲ್ಲು ಒದಗಿಸಬೇಡಿ, ಹುಲ್ಲನ್ನು ಅವರೇ ಹುಡುಕಿಕೊಳ್ಳಲಿ, ಇಟ್ಟಿಗೆಯ ಲೆಕ್ಕ ಮಾತ್ರ ಕಡಿಮೆಯಾಗಬಾರದು ಎಂದು ಅಪ್ಪಣೆ ಮಾಡಿದನು. ಹುಲ್ಲಿಲ್ಲದೆ ಇಟ್ಟಿಗೆ ಮಾಡುವುದು ಎಷ್ಟು ಕಷ್ಟವೆಂಬುದು ಆ ಕಾಲದ ಕೂಲಿಯವನಿಗೆ ಗೊತ್ತಿತ್ತು. ಬರೀ ಮಣ್ಣು ಒಣಗಿದಾಗ ಬಿರಿಯುತ್ತದೆ. ಹುಲ್ಲು ಸೇರಿದ ಮಣ್ಣು ಒಂದನ್ನೊಂದು ಹಿಡಿದುಕೊಳ್ಳುತ್ತದೆ.

ಹುಲ್ಲಿಗೂ ಮನೆಗೂ ಇರುವ ನಂಟು ಅಷ್ಟು ಹಳೆಯದು. ಆದರೆ ಹುಲ್ಲನ್ನು ಯಂತ್ರದಲ್ಲಿ ಒತ್ತಿ ಕಟ್ಟಿ, ಆ ಕಟ್ಟುಗಳನ್ನೇ ಇಟ್ಟಿಗೆಯಂತೆ ಪೇರಿಸಿ ಗೋಡೆ ಎಬ್ಬಿಸುವ ಪದ್ಧತಿ ಇತ್ತೀಚಿನದು. ಅದಕ್ಕೆ ಸುಮಾರು 130 ವರ್ಷಗಳ ಚರಿತ್ರೆಯಿದೆ. ಪರಿಸರದ ಕಾಳಜಿ ಹೆಚ್ಚಿರುವ ಈ ದಿನಗಳಲ್ಲಿ ಈ ಪದ್ಧತಿಯ ಹೆಸರು ಅಲ್ಲಲ್ಲಿ ಕೇಳಿಬರುತ್ತಿದೆ. ಬಡ ಕುಟುಂಬಗಳಿಗೆ ಮನೆ ಕಟ್ಟಿಕೊಡುವ ಕೆಲಸದಲ್ಲಿ ತೊಡಗಿರುವ ನಮ್ಮ ಧರ್ಮಕೇಂದ್ರಗಳು, ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯ ಘಟಕಗಳು ಹಾಗೂ ಸಮಾಜ ಸೇವಾ ಕಾರ್ಯಕರ್ತರು ಇದನ್ನು ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು ಎಂಬ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ. ಉದಾಹರಣೆಗೆ ನಾವು ಆರಿಸಿಕೊಂಡಿರುವುದು ಘಟ್ಟದ ಮೇಲಿನ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳನ್ನು. ಕಾರಣವನ್ನು ಮುಂದೆ ಹೇಳುತ್ತೇವೆ.

ಇದು ಗುಡಿಸಲಲ್ಲ

ಮೊದಲು ಒಂದು ತಪ್ಪು ಕಲ್ಪನೆಯನ್ನು ದೂರ ಮಾಡಬೇಕು. ಹುಲ್ಲಿನ ಮನೆ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಮುಳಿಹುಲ್ಲು ಅಥವಾ ಭತ್ತದ ಹುಲ್ಲು ಹೊದಿಸಿದ ಗುಡಿಸಲು. ಅಲ್ಲಿ ಹುಲ್ಲು ಇರುವುದು ಮಾಡಿಗೆ. ಇಲ್ಲಿ ಹುಲ್ಲು ಇರುವುದು ಗೋಡೆಯ ಒಳಗೆ. ಹೊರಗಿನಿಂದ ನೋಡಿದರೆ ಮಣ್ಣು ಅಥವಾ ಸುಣ್ಣದ ಗಾರೆ ಮಾಡಿದ ದಪ್ಪ ಗೋಡೆಯಷ್ಟೇ ಕಾಣುತ್ತದೆ. ಮಾಡಿಗೆ ಹೆಂಚು ಅಥವಾ ತಗಡು ಇರುತ್ತದೆ.

ಬೇಲರ್ ಎಂಬ ಯಂತ್ರ ಒಣಹುಲ್ಲನ್ನು ಒತ್ತಿ, ಎರಡು ಹಗ್ಗಗಳಿಂದ ಬಿಗಿದು, ಪೆಟ್ಟಿಗೆಯ ಆಕಾರದ ಕಟ್ಟು ಮಾಡುತ್ತದೆ. ಸಾಧಾರಣವಾಗಿ ಇಂತಹ ಒಂದು ಕಟ್ಟು ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, 14 ಅಂಗುಲ ಎತ್ತರ ಇರುತ್ತದೆ. ಗಟ್ಟಿಯಾಗಿ ಒತ್ತಿದ ಕಟ್ಟು 16 ಕಿಲೋ ಆಸುಪಾಸು ತೂಗುತ್ತದೆ. ಇವುಗಳನ್ನು ಇಟ್ಟಿಗೆ ಪೇರಿಸಿದಂತೆ ಸಂದು ತಪ್ಪಿಸಿ ಪೇರಿಸಿ, ಬಿದಿರಿನ ಗೂಟಗಳಿಂದ ಬಂಧಿಸಿ, ಎರಡೂ ಕಡೆ ಒಂದರಿಂದ ಒಂದೂವರೆ ಅಂಗುಲ ದಪ್ಪಕ್ಕೆ ಗಾರೆ ಮಾಡಿದರೆ ಗೋಡೆ ಸಿದ್ಧವಾಗುತ್ತದೆ.

ಮರವಿಲ್ಲದ ನಾಡಿನಲ್ಲಿ ಹುಟ್ಟಿದ ವಿದ್ಯೆ

ಈ ಪದ್ಧತಿ ಹುಟ್ಟಿದ್ದು ಅಮೆರಿಕದ ನೆಬ್ರಾಸ್ಕ ರಾಜ್ಯದ ಮರಳುಗುಡ್ಡಗಳ ಪ್ರದೇಶದಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿಗೆ ವಲಸೆ ಬಂದ ರೈತರಿಗೆ ಮನೆ ಕಟ್ಟಲು ಮರವಿರಲಿಲ್ಲ. ಮಣ್ಣಿನ ಹೆಂಟೆಯಿಂದ ಕಟ್ಟೋಣವೆಂದರೆ ಆ ನೆಲ ಬರೀ ಮರಳು. ಅವರ ಬಳಿ ಇದ್ದುದು ಹುಲ್ಲು ಮತ್ತು ಆಗತಾನೇ ಬಳಕೆಗೆ ಬಂದಿದ್ದ ಹುಲ್ಲು ಕಟ್ಟುವ ಯಂತ್ರ. ತಾತ್ಕಾಲಿಕವಾಗಿ ಇರಲಿ ಎಂದು ಆ ಕಟ್ಟುಗಳನ್ನು ಪೇರಿಸಿ ಮಾಡಿಕೊಂಡ ಮನೆಗಳು ಚಳಿಗೆ ಬೆಚ್ಚಗೆ, ಬಿಸಿಲಿಗೆ ತಂಪಾಗಿ ಇರುವುದನ್ನು ಕಂಡು ಜನ ಅವುಗಳಿಗೆ ಗಾರೆ ಮಾಡಿ ಅಲ್ಲಿಯೇ ನೆಲೆ ನಿಂತರು.

ಅಲ್ಲಿನ ಮೊದಮೊದಲ ಕಟ್ಟಡಗಳಲ್ಲಿ ಒಂದು ಶಾಲೆಯ ಕೋಣೆ. ಅದಕ್ಕೆ ಗಾರೆಯನ್ನೂ ಮಾಡಿರಲಿಲ್ಲ, ಬೇಲಿಯನ್ನೂ ಹಾಕಿರಲಿಲ್ಲವಾದ್ದರಿಂದ ಒಂದೆರಡು ವರ್ಷಗಳಲ್ಲಿ ದನಗಳು ಅದನ್ನು ತಿಂದು ಮುಗಿಸಿದವು ಎಂದು ಇಂದಿಗೂ ಹೇಳುತ್ತಾರೆ. ನಗು ಬರಿಸುವ ಸಂಗತಿಯಾದರೂ ನಮ್ಮ ಚರ್ಚೆಗೆ ಇದು ಬಹಳ ಮುಖ್ಯ.

ಅದೇ ನೆಬ್ರಾಸ್ಕದ ಆರ್ಥರ್ ಎಂಬ ಸಣ್ಣ ಊರಿನಲ್ಲಿ 1928ರಲ್ಲಿ ಅಲ್ಲಿನ ಪ್ರೊಟೆಸ್ಟೆಂಟ್ ಸಭೆಯೊಂದರ ಜನರು ಹುಲ್ಲಿನ ಕಟ್ಟುಗಳಿಂದ ತಮ್ಮ ದೇವಾಲಯವನ್ನು ಕಟ್ಟಿಕೊಂಡರು. ಅದೇ ಕಟ್ಟಡದಲ್ಲಿ ಬೋಧಕರ ವಾಸಕ್ಕೂ ಕೋಣೆಗಳಿದ್ದವು. ಆ ಕಟ್ಟಡ ಇಂದಿಗೂ ನಿಂತಿದ್ದು ಸ್ಮಾರಕವಾಗಿ ಉಳಿದಿದೆ. ಫ್ರಾನ್ಸ್ ದೇಶದ ಮೊಂತಾರ್ಜಿ ಎಂಬಲ್ಲಿ 1920ರಲ್ಲಿ ಮರದ ಚೌಕಟ್ಟಿನ ನಡುವೆ ಹುಲ್ಲಿನ ಕಟ್ಟು ತುಂಬಿಸಿ ಕಟ್ಟಿದ ಮನೆಯೂ ನೂರು ವರ್ಷ ದಾಟಿದೆ. 2005ರಲ್ಲಿ ಕಾಶ್ಮೀರ ಮತ್ತು ಉತ್ತರ ಪಾಕಿಸ್ತಾನದಲ್ಲಿ ಭೂಕಂಪವಾದ ನಂತರ ಅಲ್ಲಿನ ಬಡವರಿಗಾಗಿ ಕೈಯಿಂದ ಒತ್ತುವ ಸರಳ ಅಚ್ಚುಗಳಲ್ಲಿ ಸಣ್ಣ ಕಟ್ಟುಗಳನ್ನು ಮಾಡಿ ಮನೆ ಕಟ್ಟುವ ಕ್ರಮವೊಂದು ರೂಪುಗೊಂಡಿತು. ಅಂತಹ ಒಂದು ಮನೆಯನ್ನು 2009ರಲ್ಲಿ ಅಮೆರಿಕದ ನೆವಾಡ ವಿಶ್ವವಿದ್ಯಾಲಯದಲ್ಲಿ ಅಲುಗಾಡುವ ವೇದಿಕೆಯ ಮೇಲೆ ನಿಲ್ಲಿಸಿ ಪರೀಕ್ಷಿಸಿದಾಗ ಅದು ಜೋರಾದ ಕಂಪನವನ್ನೂ ತಾಳಿಕೊಂಡಿತು. 2015ರಿಂದ ಅಮೆರಿಕದ ವಸತಿ ಕಟ್ಟಡಗಳ ಮಾದರಿ ನಿಯಮಾವಳಿಯಲ್ಲಿ ಈ ಪದ್ಧತಿಗೆ ಪ್ರತ್ಯೇಕ ಅನುಬಂಧವೇ ಇದೆ.

ಈ ಮೂರು ತಾಲ್ಲೂಕುಗಳೇ ಏಕೆ?

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಚಿಕ್ಕಮಗಳೂರು ಜಿಲ್ಲೆಯ ಪೂರ್ವಭಾಗದಲ್ಲಿವೆ. 1963ರಲ್ಲಿ ಮೈಸೂರಿನಿಂದ ಬೇರ್ಪಟ್ಟು ರಚನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯದ ವ್ಯಾಪ್ತಿಗೆ ಇವು ಸೇರುತ್ತವೆ. ಕರಾವಳಿಯ ನಮಗೆ ಚಿಕ್ಕಮಗಳೂರು ಎಂದರೆ ಕಾಫಿ ತೋಟ, ಮಳೆ, ಮಂಜು. ಆದರೆ ಕಡೂರು ಬಯಲುಸೀಮೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ಮಂಗಳೂರಿನಲ್ಲಿ ಬೀಳುವುದು ಮೂರೂವರೆ ಸಾವಿರ ಮಿ.ಮೀ.ಗೂ ಹೆಚ್ಚು. ಹುಲ್ಲಿನ ಗೋಡೆಗೆ ನೀರೇ ಮೊದಲ ಶತ್ರುವಾದ್ದರಿಂದ ಈ ವ್ಯತ್ಯಾಸ ದೊಡ್ಡದು.

ಎರಡನೆಯದಾಗಿ, ಅಲ್ಲಿ ಹುಲ್ಲು ಇದೆ. ಬಯಲಿನಲ್ಲಿ ರಾಗಿ, ಜೋಳ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿರುವ ಭದ್ರಾ ಅಣೆಕಟ್ಟಿನ ನೀರು ಹರಿಯುವ ಕಡೆಗಳಲ್ಲಿ ಭತ್ತ. ಕಟಾವು ಯಂತ್ರ ಬಂದ ಮೇಲೆ ಗದ್ದೆಯಲ್ಲಿ ಉಳಿಯುವ ಹುಲ್ಲನ್ನು ಟ್ರ್ಯಾಕ್ಟರ್ ಹಿಂದೆ ಜೋಡಿಸಿದ ಬೇಲರ್‌ನಿಂದ ಕಟ್ಟಿಸುವುದು ಭದ್ರಾ ನಾಲೆಯ ಸೀಮೆಯಲ್ಲಿ ರೂಢಿಯಾಗಿದೆ.

ಮೂರನೆಯದಾಗಿ, ಹುಲ್ಲನ್ನು ಮಳೆಯಿಂದ ಕಾಯುವ ವಿದ್ಯೆ ಅಲ್ಲಿನ ರೈತರಿಗೆ ಹೊಸದಲ್ಲ. ಕಣದ ಪಕ್ಕದಲ್ಲಿ ಒಟ್ಟಿದ ರಾಗಿ ಹುಲ್ಲಿನ ಬಣವೆಯನ್ನು ನೋಡಿ. ನೆಲದ ತೇವ ತಾಗದಂತೆ ಅಡಿಯನ್ನು ಎತ್ತರಿಸಿ, ನೀರು ಜಾರಿ ಹೋಗುವಂತೆ ತಲೆಯನ್ನು ಇಳಿಜಾರಾಗಿ ಕಟ್ಟಿರುತ್ತಾರೆ. ಮಳೆಗಾಲ ಕಳೆದ ಮೇಲೆ ಹಿರಿದು ನೋಡಿದರೆ ಹೊರಗಿನ ಪದರ ಮಾತ್ರ ಕಪ್ಪಾಗಿ, ಒಳಗಿನ ಹುಲ್ಲು ಹೊನ್ನಿನ ಬಣ್ಣದಲ್ಲೇ ಇರುತ್ತದೆ. ಅಡಿ ಒಣಗಿರಬೇಕು, ತಲೆ ಮುಚ್ಚಿರಬೇಕು, ನಡುವೆ ಗಾಳಿಯಾಡಬೇಕು ಎಂಬ ಬಣವೆಯ ಈ ಮೂರು ನಿಯಮಗಳೇ ಹುಲ್ಲಿನ ಗೋಡೆಗೂ ಅನ್ವಯಿಸುತ್ತವೆ. ಹಳೆಯ ಮನೆಗಳ ಮಣ್ಣಿನ ಗೋಡೆಗೆ ಕೆಮ್ಮಣ್ಣು ಮತ್ತು ಹುಲ್ಲು ಸೇರಿಸಿ, ಕೊಳೆಸಿ, ತುಳಿದು ಹದ ಮಾಡುತ್ತಿದ್ದವರು ಅಲ್ಲಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ.

ಆದರೆ ಮೂರೂ ತಾಲ್ಲೂಕು ಒಂದೇ ತೆರನಾಗಿಲ್ಲ. ತರೀಕೆರೆಯ ಪಶ್ಚಿಮ ಭಾಗ, ಅಂದರೆ ಲಕ್ಕವಳ್ಳಿ, ಕೆಮ್ಮಣ್ಣುಗುಂಡಿ ಕಡೆಯ ಅಂಚು ಮಲೆನಾಡೇ ಸರಿ. ಅಲ್ಲಿ ಈ ಪದ್ಧತಿ ಬೇಡ. ಕಡೂರಿನ ಬಯಲು, ಅಜ್ಜಂಪುರದ ಸುತ್ತಮುತ್ತ, ತರೀಕೆರೆಯ ಪೂರ್ವಭಾಗ ಇವುಗಳಿಗೆ ಮಾತ್ರ ನಮ್ಮ ಮಾತು ಅನ್ವಯಿಸುತ್ತದೆ.

ಗೋಡೆ ಎಬ್ಬಿಸುವ ಕ್ರಮ

ಹುಲ್ಲು: ಗದ್ದೆಯಲ್ಲಿ ಚೆನ್ನಾಗಿ ಒಣಗಿದ ಭತ್ತದ ಹುಲ್ಲು ಉತ್ತಮ. ಅದರಲ್ಲಿ ಮರಳಿನ ಅಂಶವಾದ ಸಿಲಿಕಾ ಹೆಚ್ಚಾಗಿರುವುದರಿಂದ ಬೇಗ ಕೊಳೆಯುವುದಿಲ್ಲ. ಕಾಳು ಉಳಿದಿರುವ ಹುಲ್ಲು ಬೇಡ, ಅದು ಇಲಿಯನ್ನು ಕರೆಯುತ್ತದೆ. ಕಟ್ಟಿನಲ್ಲಿ ತೇವಾಂಶ ನೂರಕ್ಕೆ 20 ಮೀರಬಾರದು. ಕಟ್ಟಿನೊಳಗೆ ಕೈ ತೂರಿಸಿದಾಗ ಬೆಚ್ಚಗಾಗಲಿ, ಮುಗ್ಗಲು ವಾಸನೆಯಾಗಲಿ ಬಂದರೆ ಅದನ್ನು ಗೋಡೆಗೆ ಬಳಸಬಾರದು. ಇನ್ನೊಂದು ಮುಖ್ಯ ವಿಷಯವೇನೆಂದರೆ, ಬೇಲರ್‌ಗಳಲ್ಲಿ ಉರುಳೆಯ ಆಕಾರದ ಕಟ್ಟು ಮಾಡುವವೂ ಇವೆ, ಪೆಟ್ಟಿಗೆಯ ಆಕಾರದವೂ ಇವೆ. ಗೋಡೆಗೆ ಪೆಟ್ಟಿಗೆಯ ಆಕಾರದ ಕಟ್ಟೇ ಬೇಕು. ಉರುಳೆ ಕಟ್ಟುಗಳನ್ನು ಪೇರಿಸಲಾಗದು. ಯಂತ್ರದವರೊಡನೆ ಇದನ್ನು ಮೊದಲೇ ಮಾತನಾಡಿಕೊಳ್ಳಬೇಕು.

ತಳಪಾಯ: ಸೈಜುಗಲ್ಲಿನ ತಳಪಾಯ ನೆಲದಿಂದ ಕನಿಷ್ಠ ಒಂದೂವರೆ ಅಡಿ ಮೇಲೆ ಬರಬೇಕು. ಅದರ ಮೇಲೆ ತೇವ ಏರದಂತೆ ತಡೆಯುವ ಒಂದು ಪದರ, ಅದರ ಮೇಲೆ ಹುಲ್ಲು. ಮಣ್ಣಿನ ಮೇಲೆ ನೇರವಾಗಿ ಹುಲ್ಲಿನ ಕಟ್ಟು ಇಟ್ಟರೆ ಒಂದೇ ಮಳೆಗಾಲದಲ್ಲಿ ಗೆದ್ದಲು ಮತ್ತು ಕೊಳೆತ ಎರಡೂ ಸೇರುತ್ತವೆ. ಬಂಡೆಯ ಮೇಲೆ ಮನೆ ಕಟ್ಟಿದ ಬುದ್ಧಿವಂತನ ಸಾಮತಿ ಇಲ್ಲಿ ಅಕ್ಷರಶಃ ನಿಜ.

ಚೌಕಟ್ಟು: ಗೋಡೆಯ ಮೇಲೆಯೇ ಮಾಡಿನ ಭಾರ ಹೊರಿಸುವ ಕ್ರಮವೂ ಇದೆ. ಆದರೆ ಹುಲ್ಲು ಭಾರಕ್ಕೆ ಸ್ವಲ್ಪ ಕುಗ್ಗುತ್ತದೆ. ಆದ್ದರಿಂದ ನಮ್ಮಲ್ಲಿ ಕಲ್ಲುಕಂಬ ಅಥವಾ ಕಾಂಕ್ರೀಟ್ ಕಂಬ ನಿಲ್ಲಿಸಿ, ಮಾಡನ್ನು ಮೊದಲು ಹಾಕಿ, ಆಮೇಲೆ ಕಂಬಗಳ ನಡುವೆ ಕಟ್ಟುಗಳನ್ನು ತುಂಬುವುದು ಕ್ಷೇಮ. ಇದರಿಂದ ಕೆಲಸ ನಡೆಯುವಾಗ ಅಕಾಲ ಮಳೆ ಬಂದರೂ ಹುಲ್ಲು ನೆನೆಯುವುದಿಲ್ಲ.

ಮಾಡು: ಗೋಡೆಯಿಂದ ಎರಡೂವರೆ ಮೂರು ಅಡಿ ಹೊರಕ್ಕೆ ಚಾಚಿರಬೇಕು. ಹೊಲದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡವನ ಮೈ ಹೇಗೆ ನೆನೆಯುವುದಿಲ್ಲವೋ ಹಾಗೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮದ ಫಲವಾಗಿ ನಮಗೆಲ್ಲ ಪರಿಚಿತವಾದ ಮಂಗಳೂರು ಹೆಂಚು ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಗಾರೆ: ಮೂರು ಸಲ ಮಾಡಬೇಕು. ಮೊದಲನೆಯದು ತೆಳ್ಳಗಿನ ಜೇಡಿಮಣ್ಣಿನ ಕೆಸರು, ಹುಲ್ಲಿನ ಸಂದಿಗೆ ಇಳಿಯಲು. ಎರಡನೆಯದು ಕತ್ತರಿಸಿದ ಹುಲ್ಲು ಬೆರೆಸಿದ ದಪ್ಪ ಮಣ್ಣು. ಮೂರನೆಯದು ಮಣ್ಣು-ಸಗಣಿ ಅಥವಾ ಸುಣ್ಣದ ನಯಗಾರೆ. ಸಿಮೆಂಟ್ ಗಾರೆ ಮಾಡಿದರೆ ಗಟ್ಟಿ ಎಂದು ಹಲವರು ತಿಳಿಯುತ್ತಾರೆ. ಆದರೆ ಸಿಮೆಂಟು ಬಿರುಕಿನಲ್ಲಿ ಒಳಗೆ ಹೋದ ನೀರನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಮಣ್ಣು, ಸುಣ್ಣಗಳು ಆವಿಯನ್ನು ಹೊರಗೆ ಬಿಡುತ್ತವೆ. ಗೋಡೆ ಉಸಿರಾಡಿದರೆ ಹುಲ್ಲು ಬದುಕುತ್ತದೆ.

ನೀರಿನ ಜಾಗ: ಬಚ್ಚಲು, ಅಡುಗೆಮನೆಯ ತೊಳೆಯುವ ಕಡೆ ಮತ್ತು ಶೌಚಾಲಯದ ಗೋಡೆಗಳನ್ನು ಇಟ್ಟಿಗೆ ಅಥವಾ ಕಲ್ಲಿನಲ್ಲೇ ಕಟ್ಟಬೇಕು. ಹುಲ್ಲಿನ ಗೋಡೆಯೊಳಗೆ ನೀರಿನ ಪೈಪ್ ಹಾಯಿಸಬಾರದು. ವಿದ್ಯುತ್ ತಂತಿಯನ್ನು ಕೊಳವೆಯೊಳಗೇ ಎಳೆಯಬೇಕು.

ಕಾಲ: ಮುಂಗಾರು ಭತ್ತದ ಕೊಯ್ಲು ಮುಗಿದ ಮೇಲೆ, ಅಂದರೆ ಕ್ರಿಸ್ಮಸ್ ಹಬ್ಬ ಕಳೆದು ಈಸ್ಟರ್ ಹಬ್ಬ ಬರುವುದರೊಳಗೆ ಗೋಡೆ ಮತ್ತು ಮೊದಲ ಎರಡು ಗಾರೆ ಮುಗಿಯಬೇಕು. ಬೇಸಿಗೆ ಬೆಳೆಯ ಹುಲ್ಲನ್ನು ನಂಬಿ ಮೇ ತಿಂಗಳಲ್ಲಿ ಆರಂಭಿಸಿದರೆ ಮಳೆಯ ಬಾಯಿಗೆ ಕೊಟ್ಟಂತೆ.

ಜನ ಕೇಳುವ ಪ್ರಶ್ನೆಗಳು

ಬೆಂಕಿ ಬಿದ್ದರೆ? ಬಿಡಿ ಹುಲ್ಲು ಹೊತ್ತಿ ಉರಿಯುತ್ತದೆ, ನಿಜ. ಆದರೆ ಬಿಗಿಯಾಗಿ ಒತ್ತಿದ ಕಟ್ಟಿನೊಳಗೆ ಉರಿಯಲು ಬೇಕಾದಷ್ಟು ಗಾಳಿ ಇರುವುದಿಲ್ಲ. ದಪ್ಪ ಪುಸ್ತಕವೊಂದನ್ನು ಮುಚ್ಚಿ ಬೆಂಕಿಗೆ ಹಾಕಿದರೆ ಅಂಚು ಮಾತ್ರ ಕರಕಲಾಗುವಂತೆ. ಅಮೆರಿಕದಲ್ಲಿ 2006ರಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಮಣ್ಣಿನ ಗಾರೆಯ ಹುಲ್ಲಿನ ಗೋಡೆ ಒಂದು ಗಂಟೆ, ಸುಣ್ಣ-ಸಿಮೆಂಟ್ ಗಾರೆಯ ಗೋಡೆ ಎರಡು ಗಂಟೆ ಬೆಂಕಿಯನ್ನು ತಡೆದು ನಿಂತವು. ಅಪಾಯ ಇರುವುದು ಕಟ್ಟುವಾಗ. ಗಾರೆ ಆಗುವ ಮೊದಲು ನೆಲದ ಮೇಲೆ ಬಿಡಿ ಹುಲ್ಲು ಹರಡಿರುತ್ತದೆ. ಆ ದಿನಗಳಲ್ಲಿ ಬೀಡಿ, ಒಲೆ, ವೆಲ್ಡಿಂಗ್ ಯಾವುದೂ ಹತ್ತಿರ ಸುಳಿಯಬಾರದು. ದಿನವೂ ಸಂಜೆ ಬಿಡಿ ಹುಲ್ಲನ್ನು ಗುಡಿಸಿ ತೆಗೆಯಬೇಕು.

ಇಲಿ, ಹಾವು? ಗಾರೆಯಲ್ಲಿ ತೂತಿಲ್ಲದಿದ್ದರೆ ಇಲಿಗೆ ದಾರಿಯಿಲ್ಲ. ಕಿಟಕಿ, ಬಾಗಿಲಿನ ಚೌಕಟ್ಟಿನ ಅಂಚು ಮತ್ತು ಗೋಡೆಯ ತಲೆ ಇವುಗಳನ್ನು ಚೆನ್ನಾಗಿ ಮುಚ್ಚಬೇಕು.

ಗೆದ್ದಲು? ಬಯಲುಸೀಮೆಯಲ್ಲಿ ಇದು ನಿಜವಾದ ಭಯ. ಎತ್ತರದ ಕಲ್ಲಿನ ತಳಪಾಯ, ಅದರ ಮೇಲೆ ಅಂಚು ಹೊರಗೆ ಬಾಗಿದ ತಗಡಿನ ಪಟ್ಟಿ, ಗೋಡೆಯ ಬುಡದಲ್ಲಿ ಗಿಡ ಅಥವಾ ಸೌದೆ ರಾಶಿ ಇಲ್ಲದಿರುವುದು ಇವು ಬೇಕೇ ಬೇಕು. ಗೆದ್ದಲು ಮಣ್ಣಿನ ಕೊಳವೆ ಕಟ್ಟಿಕೊಂಡೇ ಮೇಲೇರುವುದರಿಂದ, ಕಲ್ಲಿನ ಭಾಗ ಕಣ್ಣಿಗೆ ಕಾಣುವಂತಿದ್ದರೆ ತಿಂಗಳಿಗೊಮ್ಮೆ ನೋಡಿ ಕೆರೆದು ಹಾಕಬಹುದು. ನೋಡುವವರಿಲ್ಲದ ಮನೆಗೆ ಈ ಪದ್ಧತಿ ತಕ್ಕುದಲ್ಲ.

ತಂಪು ಎಷ್ಟು? ಒಂದೂವರೆ ಅಡಿಯ ಹುಲ್ಲಿನ ಗೋಡೆ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಗಿಂತ ಹತ್ತು ಪಟ್ಟಿಗೂ ಹೆಚ್ಚು ಶಾಖವನ್ನು ತಡೆಯುತ್ತದೆ. ಆದರೆ ಒಂದಂತಸ್ತಿನ ಮನೆಗೆ ಹೆಚ್ಚಿನ ಬಿಸಿ ಇಳಿಯುವುದು ಮೇಲಿನಿಂದ. ಬರೀ ತಗಡಿನ ಮಾಡು ಹಾಕಿ ಗೋಡೆಗೆ ಹುಲ್ಲು ತುಂಬಿದರೆ ಪ್ರಯೋಜನ ಅರ್ಧದಷ್ಟೂ ಇಲ್ಲ.

ದನದ ಪಾಲು

ಈಗ ನಮಗೆ ಅತಿ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇವೆ. ಪಾಶ್ಚಾತ್ಯ ದೇಶಗಳಲ್ಲಿ ಹುಲ್ಲನ್ನು ಬಹುಮಟ್ಟಿಗೆ ಬೇಡದ ವಸ್ತುವೆಂದು ಭಾವಿಸುತ್ತಾರೆ. ನಮ್ಮಲ್ಲಿ ಅದು ಮೇವು.

ಒಂದು ಸಣ್ಣ ಲೆಕ್ಕ ಮಾಡೋಣ. ಒಳಗೆ 20 ಅಡಿ ಉದ್ದ, 15 ಅಡಿ ಅಗಲ, ಗೋಡೆ 9 ಅಡಿ ಎತ್ತರವಿರುವ ಮನೆ. ಬಾಗಿಲು ಕಿಟಕಿ ಕಳೆದು ಸುಮಾರು 600 ಚದರ ಅಡಿ ಗೋಡೆ. ಒಂದು ಕಟ್ಟು ಮೂರೂವರೆ ಚದರ ಅಡಿ ತುಂಬುತ್ತದೆ ಎಂದರೆ ಸುಮಾರು 170 ಕಟ್ಟು ಬೇಕು. ಕಟ್ಟಿಗೆ 16 ಕಿಲೋದಂತೆ ಎರಡೂಮುಕ್ಕಾಲು ಟನ್ ಹುಲ್ಲು, ಅಂದರೆ ಸುಮಾರು ಎರಡು ಎಕರೆ ಗದ್ದೆಯ ಹುಲ್ಲು. ಒಂದು ಹಸು ದಿನಕ್ಕೆ ಆರೇಳು ಕಿಲೋ ಒಣಹುಲ್ಲು ತಿಂದರೆ, ಈ ಮನೆಯ ಗೋಡೆಯಲ್ಲಿ ಅದರ ಒಂದು ವರ್ಷಕ್ಕೂ ಮಿಕ್ಕಿದ ಮೇವು ಇದೆ.

ಕಡೂರು, ಅಜ್ಜಂಪುರಗಳಲ್ಲಿ ಈ ಲೆಕ್ಕವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಇದು ದನಗಳ ಸೀಮೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬೆಳೆದು, ಟಿಪ್ಪು ಸುಲ್ತಾನನಿಂದ ಹೆಸರು ಪಡೆದ ಅಮೃತ ಮಹಲ್ ತಳಿಯ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲಿದೆ. ಆ ದನಗಳಿಗೆಂದೇ ಬಿಟ್ಟ ಕಾವಲುಗಳು ಈ ತಾಲ್ಲೂಕುಗಳಲ್ಲಿ ಉಳಿದಿವೆ. ಇದು ಬರದ ಸೀಮೆಯೂ ಹೌದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರಕಾರ ಬರಪೀಡಿತವೆಂದು ಘೋಷಿಸಿತು. ಅಂತಹ ವರ್ಷ ಬಂದರೆ ಬಡ ರೈತ ಮೊದಲು ಹುಡುಕುವುದು ಹುಲ್ಲನ್ನು, ಸಿಗದಿದ್ದರೆ ಮಾರುವುದು ಹಸುವನ್ನು. ಹಾಲಿನ ಡೈರಿಯ ದುಡ್ಡಿನಿಂದಲೇ ಮಕ್ಕಳ ಶಾಲೆ ಮತ್ತು ಮನೆಯ ಖರ್ಚು ನಡೆಯುವ ಕುಟುಂಬಗಳಿಗೆ ಹಸು ಹೋದರೆ ಉಳಿಯುವುದೇನು?

ಆದ್ದರಿಂದ ಒಂದು ನಿಯಮವನ್ನು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ರಾಗಿ ಹುಲ್ಲನ್ನು ಗೋಡೆಗೆ ಬಳಸಕೂಡದು. ಅದು ಮೃದುವಾದ, ಪುಷ್ಟಿಯುಳ್ಳ ಮೇವು. ಒಕ್ಕಣೆಯಲ್ಲಿ ಜಜ್ಜಿಹೋಗುವುದರಿಂದ ಗೋಡೆಗೂ ಅಷ್ಟು ಒಳ್ಳೆಯದಲ್ಲ. ಕಟಾವು ಯಂತ್ರದ ಹಿಂದೆ ಉಳಿದು, ಮೇವಿಗೆ ಗಿರಾಕಿ ಸಿಗದೆ, ಕೆಲವು ಕಡೆ ಬೆಂಕಿಗೆ ಹೋಗುವ ಭತ್ತದ ಹುಲ್ಲನ್ನು ಮಾತ್ರ ಬಳಸಬೇಕು. ಅದೂ ಬರದ ವರ್ಷದಲ್ಲಿ ಬೇಡ. ಆ ವರ್ಷ ಮನೆಯ ಕೆಲಸ ಒಂದು ಹಂಗಾಮು ಮುಂದಕ್ಕೆ ಹೋದರೆ ನಷ್ಟವಿಲ್ಲ. ಹುಲ್ಲಿಲ್ಲದೆ ಹಟ್ಟಿ ಬರಿದಾದರೆ ಅದು ನಷ್ಟ.

ಕಾಗದಪತ್ರ, ನಿವೇಶನ

ಬಡವರ ಮನೆ ಎಂದರೆ ಸರಕಾರದ ಸಹಾಯಧನವನ್ನು ಬಿಟ್ಟು ಯೋಚಿಸುವುದು ಕಷ್ಟ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಕನಿಷ್ಠ 25 ಚದರ ಮೀಟರ್ ಮನೆಯನ್ನು ನಿಗದಿ ಮಾಡಿದೆ. ಮೇಲೆ ಲೆಕ್ಕ ಹಾಕಿದ ಮನೆ ಅದಕ್ಕಿಂತ ಸ್ವಲ್ಪ ದೊಡ್ಡದು. ಯೋಜನೆಯ ಮಾರ್ಗಸೂಚಿಯಂತೆ, ಸಾಧಾರಣ ದುರಸ್ತಿಯೊಂದಿಗೆ ಕನಿಷ್ಠ 30 ವರ್ಷ ಬಾಳುವುದು ಪಕ್ಕಾ ಮನೆ. ಸರಿಯಾಗಿ ಕಟ್ಟಿದ ಹುಲ್ಲಿನ ಗೋಡೆಯ ಮನೆ ಅಷ್ಟು ಬಾಳುತ್ತದೆ ಎಂಬುದಕ್ಕೆ ಹೊರದೇಶಗಳ ಸಾಕ್ಷಿಯಿದೆ. ಆದರೆ ಹುಲ್ಲು ಎಂಬ ಒಂದೇ ಶಬ್ದ ಕೇಳಿ ಕಚ್ಚಾ ಮನೆ ಎಂದು ಬರೆದುಬಿಟ್ಟರೆ ಕಂತು ನಿಲ್ಲುತ್ತದೆ. ಆದ್ದರಿಂದ ತಳಪಾಯ ಅಗೆಯುವ ಮೊದಲೇ ನಕ್ಷೆಯೊಂದಿಗೆ ಗ್ರಾಮ ಪಂಚಾಯಿತಿಗೆ ಮತ್ತು ತಾಲ್ಲೂಕು ಪಂಚಾಯಿತಿಯ ಎಂಜಿನಿಯರರ ಬಳಿಗೆ ಹೋಗಿ ಲಿಖಿತ ಒಪ್ಪಿಗೆ ಪಡೆಯಬೇಕು. ಸಹಾಯಧನ ಬರಬೇಕಾದ ಮನೆಯ ಮೇಲೆ ಇಂತಹ ಪ್ರಯೋಗವನ್ನು ಒಪ್ಪಿಗೆಯಿಲ್ಲದೆ ಮಾಡುವುದು ಆ ಕುಟುಂಬಕ್ಕೆ ಮಾಡುವ ಅನ್ಯಾಯ.

ಇನ್ನೊಂದು ತೊಡಕು ಗೋಡೆಯ ದಪ್ಪ. 30 ಅಡಿಗೆ 20 ಅಡಿಯ ನಿವೇಶನವನ್ನು ಪೂರ್ತಿ ಬಳಸಿದರೂ, ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಯಾದರೆ ಒಳಗೆ ಸುಮಾರು 527 ಚದರ ಅಡಿ ಸಿಗುತ್ತದೆ. ಹುಲ್ಲಿನ ಗೋಡೆಯಾದರೆ 459 ಮಾತ್ರ. ಒಂದು ಸಣ್ಣ ಅಡುಗೆಮನೆಯಷ್ಟು ಜಾಗ ಗೋಡೆಗೆ ಹೋಗುತ್ತದೆ. ಜನತಾ ನಿವೇಶನಗಳಿಗಿಂತ ಹೊಲದಲ್ಲಿ ಕಟ್ಟುವ ಮನೆಗೆ ಇದು ಹೆಚ್ಚು ಹೊಂದುತ್ತದೆ. ಖರ್ಚಿನ ಬಗ್ಗೆಯೂ ದೊಡ್ಡ ಆಸೆ ಬೇಡ. ಗೋಡೆ ಎಂಬುದು ಮನೆಯ ಖರ್ಚಿನ ಒಂದು ಪಾಲು ಮಾತ್ರ. ತಳಪಾಯ, ಮಾಡು, ಬಾಗಿಲು, ನೀರು, ವಿದ್ಯುತ್ತಿನ ಖರ್ಚು ಹಾಗೆಯೇ ಇರುತ್ತದೆ. ಗಾರೆಯ ಕೆಲಸಕ್ಕೆ ಆಳುಗಳು ಹೆಚ್ಚು ಬೇಕು. ನೆರೆಕರೆಯವರು ಶ್ರಮದಾನ ಮಾಡಿದರೆ ಮಾತ್ರ ಉಳಿತಾಯ ಕಾಣುತ್ತದೆ.

ಕರಾವಳಿಯವರು ಏನು ಮಾಡಬಹುದು?

ಕರಾವಳಿಯ ಮಳೆಗೆ ಹುಲ್ಲಿನ ಕಟ್ಟಿನ ಗೋಡೆಯನ್ನು ನಾವು ಶಿಫಾರಸು ಮಾಡುವುದಿಲ್ಲ. ನಮಗೆ ಮುರಕಲ್ಲು ಇದೆ, ಹೆಂಚು ಇದೆ. ಆದರೆ ಇದರ ಹಿಂದಿರುವ ತತ್ವ ನಮಗೂ ಬೇಕು. ಕೇರಳದಲ್ಲಿ ಸಾವಿರಾರು ಕಡಿಮೆ ಖರ್ಚಿನ ಮನೆಗಳಿಗೆ ದಾರಿ ತೋರಿದ ಲಾರಿ ಬೇಕರ್ (1917-2007), ಕಟ್ಟುವ ಊರಿನಿಂದ ಐದು ಮೈಲಿಯೊಳಗೆ ಸಿಗುವ ವಸ್ತುಗಳಿಂದಲೇ ಮನೆ ಆಗಬೇಕೆಂಬ ಗಾಂಧೀಜಿಯವರ ಮಾತನ್ನು ತಮ್ಮ ದಾರಿಯಾಗಿ ಮಾಡಿಕೊಂಡಿದ್ದರು. ತಿರುವನಂತಪುರದ ಮಹಾಧರ್ಮಾಧ್ಯಕ್ಷರಾಗಿದ್ದ ಬೆನೆಡಿಕ್ಟ್ ಮಾರ್ ಗ್ರೆಗೋರಿಯೋಸ್ ಅವರು ಬೇಕರರ ಈ ಕೆಲಸಕ್ಕೆ ಬೆಂಬಲವಾಗಿ ನಿಂತರು. ನಮ್ಮ ರಾಜ್ಯದಲ್ಲಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರ, ಸ್ವಲ್ಪವೇ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡದ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದಿತು. ಹುಲ್ಲು ಬೇಡವೆನ್ನುವ ಬಯಲುಸೀಮೆಯ ಕುಟುಂಬಕ್ಕೆ ಇದು ಒಳ್ಳೆಯ ಪರ್ಯಾಯ.

ಜಗದ್ಗುರು ಪೋಪ್ ಫ್ರಾನ್ಸಿಸ್ ಅವರು 2015ರಲ್ಲಿ ಹೊರಡಿಸಿದ 'ಲೌದಾತೋ ಸಿ' ವಿಶ್ವಪತ್ರದಲ್ಲಿ, ಶಕ್ತಿ ಉಳಿಸುವ ಕಟ್ಟಡ ಕ್ರಮಗಳ ಬಗ್ಗೆಯೂ ಬಡವರಿಗೆ ಸೂರಿಲ್ಲದ ಗಂಭೀರ ಸಮಸ್ಯೆಯ ಬಗ್ಗೆಯೂ ಪ್ರಸ್ತಾಪಿಸಿದ್ದಾರೆ. ಭೂಮಿಯ ಕೂಗು, ಬಡವರ ಕೂಗು ಎರಡನ್ನೂ ಒಟ್ಟಿಗೆ ಕೇಳಬೇಕೆಂಬುದು ಅವರ ಕರೆಯಾಗಿತ್ತು. ಜಗತ್ತಿನಲ್ಲಿ ಮನುಷ್ಯರಿಂದ ಹೊರಬೀಳುವ ಇಂಗಾಲಾಮ್ಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ ಎಂಬುದನ್ನು ನೆನೆದರೆ ಮನೆ ಕಟ್ಟುವ ನಾವೆಲ್ಲರೂ ಯೋಚಿಸಬೇಕಾಗುತ್ತದೆ.

ಮೊದಲು ನಮ್ಮದೇ ಅಂಗಳದಲ್ಲಿ

ಕೊನೆಯದಾಗಿ ಒಂದು ಮಾತು. ಗುಡಿಸಲಿನಲ್ಲಿ ಹುಟ್ಟಿ ಬೆಳೆದವರಿಗೆ ಹುಲ್ಲು ಎಂದರೆ ಸೋರುವ ಮಾಡು, ಬೇಸಿಗೆಯ ಬೆಂಕಿಯ ಭಯ, ನೆಂಟರ ಮುಂದೆ ನಾಚಿಕೆ. ಅದರಿಂದ ಪಾರಾಗಲು ಅವರು ವರ್ಷಗಟ್ಟಲೆ ಕಾದಿದ್ದಾರೆ. ನಾವು ಕಾಂಕ್ರೀಟ್ ಮನೆಯಲ್ಲಿ ಕುಳಿತು ಅವರಿಗೆ ಹುಲ್ಲಿನ ಮನೆ ಪರಿಸರಕ್ಕೆ ಒಳ್ಳೆಯದೆಂದು ಬುದ್ಧಿ ಹೇಳಿದರೆ ಅದು ಪ್ರೀತಿಯ ಸೇವೆಯಾಗುವುದಿಲ್ಲ.

ಆದ್ದರಿಂದ ಆ ಸೀಮೆಯ ಯಾವುದಾದರೂ ಧರ್ಮಕೇಂದ್ರ ಅಥವಾ ಸಂಸ್ಥೆ ಇದನ್ನು ಮಾಡಿ ನೋಡಬೇಕೆಂದಿದ್ದರೆ ಮೊದಲ ಕೋಣೆಯನ್ನು ತನ್ನ ಅಂಗಳದಲ್ಲೇ ಕಟ್ಟಲಿ. ಧರ್ಮೋಪದೇಶದ ಕೋಣೆಯಾಗಬಹುದು, ಕಛೇರಿಯಾಗಬಹುದು, ಗುರುಗಳ ಕೋಣೆಯೇ ಆಗಬಹುದು. ಆರ್ಥರ್ ಊರಿನವರು ಹುಲ್ಲಿನ ಗೋಡೆಯೊಳಗೆ ಮೊದಲು ಪ್ರಾರ್ಥನೆ ಮಾಡಿದರು, ಅವರ ಬೋಧಕರೂ ಅದರೊಳಗೇ ವಾಸವಾಗಿದ್ದರು. ಎರಡು ಮಳೆಗಾಲ ಕಳೆಯಲಿ. ಗೋಡೆಯಲ್ಲಿ ತೇವ ಸೇರಿದೆಯೇ, ಗೆದ್ದಲು ಏರಿದೆಯೇ, ಒಳಗೆ ತಂಪಿದೆಯೇ ಎಂದು ಊರಿನ ಜನರೇ ಬಂದು ಮುಟ್ಟಿ ನೋಡಲಿ. ಬಣವೆ ಒಟ್ಟುವ ಹಿರಿಯರನ್ನು ಕರೆದು ಅವರ ಮಾತನ್ನೂ ಕೇಳಲಿ. ಆಮೇಲೆ ಯಾರಾದರೂ ತಾವಾಗಿಯೇ ನಮಗೂ ಇಂತಹದ್ದೇ ಮನೆ ಬೇಕು ಎಂದರೆ ಆಗ ಕಟ್ಟಿಕೊಡೋಣ. ಬೇಡವೆಂದರೆ ಒಂದು ಒಳ್ಳೆಯ ಕೋಣೆಯಂತೂ ಉಳಿಯುತ್ತದೆ.

ನಮ್ಮ ಪ್ರಭು ಯೇಸುವನ್ನು ಹುಟ್ಟಿದ ರಾತ್ರಿ ಮಲಗಿಸಿದ್ದು ಗೋದಲಿಯಲ್ಲಿ. ಪ್ರತಿ ಕ್ರಿಸ್ಮಸ್‌ಗೆ ನಾವು ಅದರೊಳಗೆ ಭತ್ತದ ಹುಲ್ಲು ಹಾಸುತ್ತೇವೆ, ಪಕ್ಕದಲ್ಲಿ ಹಸುವನ್ನೂ ನಿಲ್ಲಿಸುತ್ತೇವೆ. ಮನುಷ್ಯನಿಗೆ ಬೆಚ್ಚನೆಯ ಜಾಗ, ಹಸುವಿಗೆ ಅದರ ಮೇವು, ಎರಡೂ ಅಲ್ಲಿ ಒಟ್ಟಿಗೆ ಇವೆ. ಮನೆ ಕಟ್ಟುವಾಗಲೂ ಈ ಎರಡನ್ನೂ ಮರೆಯದಿರೋಣ.